ಕಿಟಕಿಯ ಸರಳು ಮುಟ್ಟುವವರು

ನ್ಯಾಮತಿಯ ಪಂಚಾಕ್ಷರಪ್ಪನವರು ಯಾವ ಯಂತ್ರವನ್ನು ಮುಟ್ಟುವ ಮುನ್ನವೂ ತಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯ ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟುತ್ತಾರೆ. ಅಂಗೈಯನ್ನು ಪೂರ್ತಿ ಒತ್ತಿ, ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ತಿರುಗುತ್ತಾರೆ. ಅವರ ಕೈ ಬಿದ್ದು ಬಿದ್ದು ಆ ಒಂದು ಸರಳಿನ ಬಣ್ಣ ಮಾತ್ರ ಸವೆದು ಕಬ್ಬಿಣ ಹೊಳೆಯುತ್ತದೆ. ಅದು ಅವರ ಮನೆದೇವರ ನೇಮವೆಂದು ಬಸ್‌ಸ್ಟ್ಯಾಂಡಿನ ಕಡೆಯವರೆಲ್ಲ ನಂಬಿದ್ದಾರೆ. ನಾನೂ ಮೊದಲ ದಿನ ಹಾಗೆಯೇ ತಿಳಿದು ಸರಳಿಗೆ ಕೈ ಮುಗಿದುಬಿಟ್ಟೆ. ಅವರು ನಗಲಿಲ್ಲ.

"ದೇವರಲ್ಲಕ್ಕಾ, ಹೆದರಿಕೆ" ಅಂದರು. "ನಮ್ಮ ಮೈಯಾಗೂ ಒಂಚೂರು ಕರೆಂಟ್ ಇರ್ತೈತೆ. ನಮಗೆ ಗೊತ್ತಾಗಲ್ಲ. ಯಂತ್ರದೊಳಗಿನ ಚಿಪ್ಪು ಸಾಯಾಕೆ ಅಷ್ಟು ಸಾಕು. ಕಬ್ಬಿಣ ಮುಟ್ಟಿದ್ರೆ ಅದು ಇಳಿದುಹೋಗ್ತೈತೆ."

ನಾನು ಅಲ್ಲಿಗೆ ಹೋದದ್ದೂ ಹೆದರಿಕೆ ಹೊತ್ತುಕೊಂಡೇ. ನನ್ನ ಮೊಮ್ಮಗಳು ಗಂಗೋತ್ರಿ ಸಾಸ್ವೆಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅಂಕಪಟ್ಟಿ ಮಾಡಲೆಂದು ಶಾಲೆಯ ಲ್ಯಾಪ್‌ಟಾಪನ್ನು ಮನೆಗೆ ತಂದಿದ್ದಳು. ಅದರ ವೈಫೈ ಕಾರ್ಡು ಕೆಟ್ಟಿತ್ತು. ಇವಳು ಹಾಕಿದ ಹೊಸ ಕಾರ್ಡನ್ನು ಯಂತ್ರ ಒಪ್ಪಲಿಲ್ಲ. ಬಯಾಸನ್ನು, ಅಂದರೆ ಗುಂಡಿ ಒತ್ತಿದೊಡನೆ ತಾನು ಯಾರು, ಮೊದಲು ಏನು ಮಾಡಬೇಕು ಎಂದು ಯಂತ್ರ ಓದಿಕೊಳ್ಳುವ ಒಳಬರಹವನ್ನು, ತಿದ್ದಿದರೆ ಒಪ್ಪುತ್ತದೆಂದು ಯಾವುದೋ ವಿಡಿಯೋ ನೋಡಿ ತಿದ್ದಲು ಕೂತಳು. ಬ್ಯಾಟರಿ ಊದಿಕೊಂಡದ್ದಕ್ಕೆ ಅದನ್ನು ತೆಗೆದಿಟ್ಟು, ಗೋಡೆಯ ಕರೆಂಟಿನ ಮೇಲೆಯೇ ನಡೆಸಿದ್ದಳು. ಬರಹ ಅರ್ಧದಲ್ಲಿರುವಾಗ ಕರೆಂಟು ನಿಂತಿತು. ಯಂತ್ರ ಕಲ್ಲಾಯಿತು. ಸೋಮವಾರ ಅದನ್ನು ಹೆಡ್‌ಮೇಡಂ ಶಿವಲೀಲಾ ಅವರ ಕೈಗೆ ಒಪ್ಪಿಸಬೇಕು. ಇಲ್ಲವಾದರೆ ಬರುವ ವರ್ಷ ಅವಳಿಗೆ ಆ ಶಾಲೆಯಿಲ್ಲ. ತಪ್ಪು ಫೈಲು ಹಾಕಿ ಕೊಂದೆನೆಂದು ಹುಡುಗಿ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನನ್ನ ಭಯ ಬೇರೆ ಥರದ್ದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಪಂಚಾಕ್ಷರಪ್ಪನವರಿಗೆ ಅರವತ್ತು ದಾಟಿದೆ. ಮೊದಲು ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಕೈಯಲ್ಲಿ ಉಂಗುರವಿಲ್ಲ, ಗಡಿಯಾರವಿಲ್ಲ. ಲೋಹ ತಾಗೀತೆಂದು ತಮ್ಮ ಖಾಕಿ ಕೋಟಿನ ಹಿತ್ತಾಳೆ ಗುಂಡಿಗಳನ್ನು ಕಿತ್ತು ದಾರದ ಕುಣಿಕೆ ಹೊಲಿದುಕೊಂಡಿದ್ದಾರೆ. ನೆಲದ ತುಂಬ ಕಾಣದ ತಂತಿ ಹಾಸಿದೆಯೇನೋ ಎಂಬಂತೆ ಪಾದವನ್ನು ಮೆಲ್ಲಗೆ ಇಟ್ಟು, ತಡೆದು, ಆಮೇಲೆ ಭಾರ ಬಿಡುವ ನಡಿಗೆ. ಎಡಗಣ್ಣಿಗೆ ಪೊರೆ ಬಂದಿದೆ. ಮೇಜಿನ ಮೂಲೆಯಲ್ಲಿ ಒಂದು ಸುಟ್ಟ ಚಿಪ್ಪನ್ನು ಟೇಪು ಹಚ್ಚಿ ಅಂಟಿಸಿದ್ದಾರೆ. ಸಂತೇಬೆನ್ನೂರಿನವರೊಬ್ಬರ ಯಂತ್ರದ್ದಂತೆ. ಚಿಪ್ಪಿನ ಒಂದು ಮೂಲೆಗೆ ಸಾಸಿವೆಗಿಂತ ಸಣ್ಣ ಚುಕ್ಕಿ ಇರುತ್ತದೆ. ಚಿಪ್ಪಿಗೆ ಕಚ್ಚಿಸುವ ಹಿಡಿಕೆಯ ಕೆಂಪು ತಂತಿ ಆ ಚುಕ್ಕಿಯ ಕಡೆಗೇ ಬರಬೇಕು. ಅವತ್ತು ಮಾತಿನ ಭರದಲ್ಲಿ ತಿರುಗಿಸಿ ಕಚ್ಚಿಸಿದರು, ಹೊಗೆ ಬಂತು. ಅಂದಿನಿಂದ ಅಂಗಡಿಯಲ್ಲಿ ಮಾತೇ ಕಡಿಮೆ.

ಇದ್ದ ಮಾತೂ ಬಹುಪಾಲು ಒಂದೇ. ಎದುರಿನವರ ಬಾಯಲ್ಲಿ 'ಇರಬಹುದು' ಎಂದು ಬಂದರೆ ಸಾಕು, ಸ್ಕ್ರೂಡ್ರೈವರ್ ಕೆಳಗಿಟ್ಟು, ಒಳ್ಳೆಯ ಕಣ್ಣನ್ನು ನೆಟ್ಟು, "ಐತೋ, ಇಲ್ಲೋ?" ಎನ್ನುತ್ತಾರೆ.

ಗಂಗೋತ್ರಿಗೂ ಅದೇ ಆಯಿತು.

"ಕರೆಂಟ್ ಹೆಂಗೆ ಹೋತು?"

"ಊರಿಗೇ ಹೋಗಿರಬೌದು ಸರ್. ಇಲ್ಲಾ, ನನ್ನ ಫೈಲೇ ತಪ್ಪಿರಬೌದು."

"ಹೋಗಿತ್ತೋ, ಇಲ್ಲೋ? ತಪ್ಪು ಫೈಲಿನ ರೋಗ ಬೇರೆ, ಅರ್ಧಕ್ಕೆ ನಿಂತ ರೋಗ ಬೇರೆ ಕಣಮ್ಮಾ. ಅಂದಾಜಿನ ಮೇಲೆ ನಾ ಕೈ ಹಚ್ಚಲ್ಲ."

ಅವರು ಯಂತ್ರವನ್ನು ನಮ್ಮ ಕಡೆ ಸರಿಸಿಯೇ ಬಿಟ್ಟರು.

"ನಾನೇ ಆರಿಸಿದ್ದು" ಅಂದೆ. "ಇವಳು ನೀರು ಕುಡಿಯಾಕೆ ಎದ್ದಿದ್ಲು. ಪರದೆ ಕಪ್ಪಗಿತ್ತು. ಸುಮ್ನೆ ಕರೆಂಟ್ ಉರೀತೈತೆ ಅಂತ ಸ್ವಿಚ್ ಆರಿಸಿದೆ. ಇವಳು 'ಅಯ್ಯೋ' ಅಂತ ಬಂದಾಗ ಮತ್ತೆ ಹಾಕಿದೆ. ಹೇಳಾಕೆ ಬಾಯಿ ಬರಲಿಲ್ಲ."

ಗಂಗೋತ್ರಿ ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. "ಅಜ್ಜಿ, ನೀನು ಸ್ವಿಚ್ ಆರಿಸದೇ ಬಿಟ್ಟಿರೋ ಮನೆ ನಮ್ಮ ಬೀದಿಯಾಗೆ ಯಾವುದೈತೆ ಹೇಳು" ಎಂದು ಅತ್ತು ನಕ್ಕಳು. ಪಂಚಾಕ್ಷರಪ್ಪನವರು ಎದ್ದು ಹೋಗಿ ಸರಳು ಮುಟ್ಟಿದರು.

ತಳ ಬಿಚ್ಚಿದರೆ ಒಳಗೆ ಎಂಟು ಕಾಲಿನ ಒಂದು ಕರಿಯ ಚಿಪ್ಪು, ಅಕ್ಕಿಕಾಳಿನಷ್ಟು ಉದ್ದ. ಬಟ್ಟೆಗೆ ಹಾಕುವ ಕ್ಲಿಪ್ಪಿನಂಥ ಹಿಡಿಕೆಯನ್ನು ಅದಕ್ಕೆ ಕಚ್ಚಿಸಬೇಕು; ಹಿಡಿಕೆಯ ತಂತಿ ಚಿಪ್ಪನ್ನು ಓದಿ ಬರೆಯುವ, ಬೆಂಕಿಪೊಟ್ಟಣದಷ್ಟು ದೊಡ್ಡ ಪ್ರೋಗ್ರಾಮರ್ ಪೆಟ್ಟಿಗೆಗೆ, ಅಲ್ಲಿಂದ ಅವರ ಕಂಪ್ಯೂಟರಿಗೆ. ಚುಕ್ಕಿ ಎಲ್ಲಿದೆಯೆಂದು ಭೂತಗನ್ನಡಿ ಹಿಡಿದು ಮೂರು ಸಲ ನೋಡಿದರು, ಗಂಗೋತ್ರಿಗೆ ತೋರಿಸಿದರು, ನನಗೂ ತೋರಿಸಿದರು. ಕಚ್ಚಿಸುವಾಗ ಉಸಿರು ಹಿಡಿದರು, ನಾವೂ ಹಿಡಿದೆವು. ಚಿಪ್ಪಿನಲ್ಲಿ ಇದ್ದ ಬರಹವನ್ನು ಮೂರು ಸಲ ಓದಿಸಿದರು. ಮೂರೂ ಒಂದೇ ಬಂದವು, ಆದರೆ ಬರಹದ ಅರ್ಧ ಖಾಲಿ. ಯಂತ್ರದ ಸ್ವಂತ ನಂಬರ್ ಇದ್ದದ್ದೂ ಆ ಅರ್ಧದಲ್ಲೇ.

"ಇದೇ ಮಾಡೆಲ್‌ನ ಬರಹ ಐತೆ, ತುಂಬ್ತೀನಿ" ಅಂದರು. "ನಂಬರ್ ಮಾತ್ರ ಕೈಯಿಂದ ಹಾಕಬೇಕು. ಒಂದಕ್ಷರ ತಪ್ಪಿದ್ರೂ ಶಾಲೆ ರಿಜಿಸ್ಟರ್‌ನಾಗೆ ಒಂದು, ಇದರಾಗೆ ಒಂದು. ಯಾರದೋ ಯಂತ್ರ ತಂದು ಇಟ್ಟಾಳೆ ಅಂತಾರೆ ಈ ಹುಡುಗಿಗೆ."

ಯಂತ್ರದ ತಳಕ್ಕೆ ಅಂಟಿಸಿದ್ದ ನಂಬರಿನ ಚೀಟಿ ಉಜ್ಜಿ ಮಸುಕಾಗಿತ್ತು. ಅದನ್ನು ನೋಡಿ ಒಂದೊಂದೇ ಅಕ್ಷರ ಒತ್ತಿದರು. ಗಂಗೋತ್ರಿ ಕಣ್ಣಾಡಿಸಿ "ಸರಿ ಐತೆ ಸರ್" ಅಂದಳು. ಅವರಿಗೆ ಸಾಲದು.

"ಅಕ್ಕಾ, ನೀವು ನೋಡ್ರಿ."

"ನನಗೆ ಇಂಗ್ಲಿಷ್ ಬರಲ್ಲಪ್ಪಾ. ಕನ್ನಡನೇ ಕೂಡಿಸಿ ಓದ್ತೀನಿ."

"ಅದಕ್ಕೇ ಹೇಳಿದ್ದು. ಬರೋರು ಅಂದಾಜಿನ ಮೇಲೆ ಓದಿಬಿಡ್ತಾರೆ. ನೀವು ಬರೀ ನೋಡ್ತೀರಿ."

ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಚೀಟಿಯಿಂದ ಪರದೆಗೆ, ಪರದೆಯಿಂದ ಚೀಟಿಗೆ ಬೆರಳಿಟ್ಟುಕೊಂಡು ಹೋದೆ. ಏಳನೆಯದಕ್ಕೆ ಬೆರಳು ನಿಂತಿತು. ಪರದೆಯಲ್ಲಿದ್ದದ್ದು ಒಂದರ ಮೇಲೊಂದು ಕೂತ ಎರಡು ಸೊನ್ನೆ. ಚೀಟಿಯಲ್ಲಿದ್ದದ್ದಕ್ಕೆ ಎಡಗಡೆ ನೆಟ್ಟಗೆ ಒಂದು ಗೋಡೆ.

"ಇದಕ್ಕೆ ಗೋಡೆ ಐತೆ. ಅದಕ್ಕಿಲ್ಲ."

ಚೀಟಿಯಲ್ಲಿದ್ದದ್ದು ಇಂಗ್ಲಿಷಿನ ಎಂಟಲ್ಲ, ಬಿ ಅಕ್ಷರ. ಪಂಚಾಕ್ಷರಪ್ಪನವರ ಮುಖ ಬೂದಿಯಾಯಿತು. ಪೊರೆ ಬಂದ ಕಣ್ಣನ್ನು ಅಂಗೈಯಿಂದ ಮುಚ್ಚಿ ಚೀಟಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಅಳಿಸಿ, ತಿದ್ದಿ, ನನ್ನ ಬೆರಳನ್ನು ಮೊದಲಿನಿಂದ ಕೊನೆಯವರೆಗೆ ಇನ್ನೆರಡು ಸಲ ನಡೆಸಿದರು.

ತುಂಬಿ, ತಿರುಗಿ ಓದಿಸಿ, ತಾಳೆ ನೋಡಿ, ಹಿಡಿಕೆ ತೆಗೆದು ಗುಂಡಿ ಒತ್ತಿದಾಗ ಮೊದಲು ಏನೂ ಆಗಲಿಲ್ಲ. ಗಂಗೋತ್ರಿಯ ಉಗುರು ನನ್ನ ಮುಂಗೈಯಲ್ಲಿ ನೆಟ್ಟಿತ್ತು. ಆಮೇಲೆ ಫ್ಯಾನು ಉಸಿರು ಬಿಟ್ಟಿತು, ಪರದೆ ಬೆಳಗಿತು, ಮೂಲೆಯಲ್ಲಿ ಆ ನಂಬರು, ಗೋಡೆ ಸಮೇತ. ಅವರಿಗೆ ಆಗಲೂ ಸಮಾಧಾನವಿಲ್ಲ. ಯಂತ್ರವನ್ನು ಸರಿಯಾಗಿ ಶಟ್‌ಡೌನ್ ಮಾಡಿಸಿ, "ತಣ್ಣಗಾಗಿ ಏಳ್ತೈತೋ ನೋಡಬೇಕು. ಅಕ್ಕಾ, ಸ್ವಿಚ್ ಆರಿಸ್ರಿ" ಅಂದರು. ನನ್ನ ಕೈ ಮೇಲೇಳಲಿಲ್ಲ. "ಆರಿಸಲೋ, ಬೇಡವೋ?" ಎಂದು ಕೇಳಿದೆ. ಅವರು ಆ ದಿನ ಮೊದಲ ಸಲ ನಕ್ಕರು. "ಹಿಂಗೆ ಕೇಳಿ ಆರಿಸೋರು ಇದ್ದಿದ್ರೆ ನನ್ನ ಅಂಗಡಿಗೆ ಅರ್ಧ ಕೆಲಸ ಇರ್ತಿರಲಿಲ್ಲ." ಆರಿಸಿ, ಕಾದು, ಮತ್ತೆ ಹಾಕಿದಾಗ ಯಂತ್ರ ಎದ್ದಿತು.

ಧೈರ್ಯವಂತರನ್ನು ನಾನು ಬೇಕಾದಷ್ಟು ನೋಡಿದ್ದೇನೆ. "ಏನೂ ಆಗಲ್ಲ ಬಿಡ್ರಿ" ಎನ್ನುತ್ತ ಅನ್ಯರ ವಸ್ತುವನ್ನು ಬಿಚ್ಚಿ, ಏನಾದರೂ ಆದ ಮೇಲೆ ಕೈ ಝಾಡಿಸಿ ಎದ್ದು ಹೋಗುವವರು ಅವರಲ್ಲಿ ಬಹಳ. ಪಂಚಾಕ್ಷರಪ್ಪನಂಥವರು ನಮ್ಮ ಹೆದರಿಕೆಯನ್ನು ತೆಗೆಯುವುದಿಲ್ಲ. ತಮ್ಮದನ್ನೂ ತಂದು ಅದರ ಪಕ್ಕದಲ್ಲಿ ಇಟ್ಟುಕೊಂಡು, ಎರಡನ್ನೂ ಕಾಯುತ್ತ ಕೆಲಸ ಮಾಡುತ್ತಾರೆ. ಲೋಕದಲ್ಲಿ ಇನ್ನೊಬ್ಬರಿಗೆ ಒಪ್ಪಿಸಬೇಕಾದ ವಸ್ತುಗಳು ಉಳಿದುಕೊಂಡಿರುವುದು ಇಂಥವರ ಕೈಯಲ್ಲಿ. ಸೋಮವಾರ ಗಂಗೋತ್ರಿ ಯಂತ್ರ ಒಪ್ಪಿಸಿ ಬಂದಳು. ಈಗ ನಮ್ಮ ಮನೆಯಲ್ಲಿ ಯಾವ ಸ್ವಿಚ್ಚಿನ ಹತ್ತಿರ ಹೋದರೂ ನನ್ನ ಕೈ ಮೊದಲು ಕಿಟಕಿಯ ಸರಳನ್ನು ಹುಡುಕುತ್ತದೆ.