ಪಿಸು ಸುಮ್ಮನಿದ್ದದ್ದು

ನಾಟಕ ಮಂಡಳಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಪಿಸು ಎಂದೇ. ರಂಗದ ಪಕ್ಕದ ಪರದೆಯ ಮರೆಯಲ್ಲಿ, ಮುರಿದ ಕಾಲಿಗೆ ತಂತಿ ಸುತ್ತಿಸಿಕೊಂಡ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಮುಂದಿನ ಮಾತನ್ನು ಪಿಸುಗುಟ್ಟಿ ಎತ್ತಿಕೊಡುವುದು ಅವನ ಕೆಲಸ. ಅಂಥವನೊಬ್ಬ ಅಲ್ಲಿದ್ದಾನೆಂದು ನಾಟಕ ನೋಡಲು ಬಂದವರಿಗೆ ಗೊತ್ತೇ ಆಗಬಾರದು. ಗೊತ್ತಾಯಿತೆಂದರೆ ಅವತ್ತು ಕೆಲಸ ಕೆಟ್ಟಿತೆಂದು ಲೆಕ್ಕ.

ಮಾತು ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಈ ಕೆಲಸ ಮಾಡಬಹುದು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಮಾತು ಪುಸ್ತಕದಲ್ಲೇ ಇರುತ್ತದೆ. ಕಷ್ಟ ಇರುವುದು, ಎದುರಿಗೆ ನಿಂತವನು ಮಾತು ಮರೆತು ನಿಂತಿದ್ದಾನೋ ಅಥವಾ ಬೇಕೆಂದೇ ತಡೆದು ನಿಂತಿದ್ದಾನೋ ಎಂದು ತಿಳಿಯುವುದರಲ್ಲಿ. ತಡೆದು ನಿಂತವನಿಗೆ ಮಾತು ಎತ್ತಿಕೊಟ್ಟರೆ ಅವನು ಒಳಗೆ ಬಂದು ಚಪ್ಪಲಿ ಹುಡುಕುತ್ತಾನೆ. ಮರೆತವನಿಗೆ ಕೊಡದಿದ್ದರೆ ಇಡೀ ನಾಟಕವೇ ಮಗುಚಿಕೊಳ್ಳುತ್ತದೆ. ಪಿಸು ನಟರ ಕಣ್ಣು ನೋಡುತ್ತಿರಲಿಲ್ಲ, ಹೊಟ್ಟೆ ನೋಡುತ್ತಿದ್ದ. ಮಾತಾಡಲು ಹೊರಟವನು ಮೊದಲು ಉಸಿರು ಎಳೆದುಕೊಳ್ಳುತ್ತಾನೆ, ಮರೆತವನು ಉಸಿರು ಬಿಡುತ್ತಾನೆ. ಅವನ ವಿದ್ಯೆಯೆಲ್ಲ ಇಷ್ಟೇ.

ರಂಗದ ಪಕ್ಕದಲ್ಲಿ ಇಷ್ಟು ಹದ ತಿಳಿದವನು ಹೊರಗೆ ಬಂದರೆ ಮಾತ್ರ ಶುದ್ಧ ಅಧಿಕಪ್ರಸಂಗಿ. ಪರದೆಯಾಚೆ ಯಾರಾದರೂ ಒಂದು ಗಳಿಗೆ ಸುಮ್ಮನಾದರೂ ಅವನ ನಾಲಿಗೆ ತುರಿಸುತ್ತಿತ್ತು. ಅಂಗಡಿಯವನು ಚಿಲ್ಲರೆ ಎಣಿಸುತ್ತ ತಡವರಿಸಿದರೆ ಮುಂದಿನ ಸಂಖ್ಯೆ ಹೇಳುತ್ತಿದ್ದ. ಬಸ್ಸಿನಲ್ಲಿ ಪಕ್ಕದವರ ಜಗಳದ ನಡುವೆ ಒಬ್ಬರು ಮಾತಿಗೆ ತಡಕಾಡಿದರೆ ಬೈಗುಳವನ್ನೂ ಇವನೇ ಒದಗಿಸಿ, ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದ. ಅಕ್ಕನ ಮದುವೆಯಲ್ಲಿ ಮಾಡಿದ್ದಂತೂ ಮನೆಮಾತಾಗಿ ಉಳಿಯಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಅಧಿಕಾರಿ ಭಾವನನ್ನು, “ಈ ಮದುವೆಗೆ ನಿಮ್ಮ ಒಪ್ಪಿಗೆ ಇದೆಯಾ?” ಎಂದು ಕೇಳಿದರು. ಭಾವ ಗೂಡ್ಸ್ ರೈಲಿನ ಡ್ರೈವರು. ಅವನ ಮಾತೂ ಅವನ ಗಾಡಿಯ ಹಾಗೇ, ಹೊರಡುವುದಕ್ಕೇ ಹೊತ್ತು ಹಿಡಿಯುತ್ತದೆ. ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಪಿಸು, “ಒಪ್ಪಿದ್ದೇನೆ” ಎಂದುಬಿಟ್ಟ. “ಮದುವೆ ಯಾರಿಗ್ರೀ?” ಎಂದು ಅಧಿಕಾರಿ ಕನ್ನಡಕ ತೆಗೆದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಇನ್ನೊಂದು ಸಲದ್ದು ನಗುವ ವಿಷಯವಲ್ಲ. ಹೋದ ವರ್ಷ ಅಕ್ಕ ಮೊದಲ ಸಲ ಬಸುರಾಗಿದ್ದಾಗ, ಭಾವ ಗಾಡಿಯ ಮೇಲಿದ್ದ ದಿನ, ಅವಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದವನು ಇವನೇ. ಡಾಕ್ಟರು ಪರದೆ ನೋಡುತ್ತ ನೋಡುತ್ತ ಸುಮ್ಮನಾದರು. ಆ ಮೌನ ತಡೆಯಲಾರದೆ ಪಿಸು, “ಎಲ್ಲಾ ಚೆನ್ನಾಗಿದೆ, ಅಲ್ವಾ ಡಾಕ್ಟ್ರೇ?” ಎಂದ. ಅಕ್ಕ ಆ ಮಾತು ನಂಬಿ ಮುಗುಳ್ನಕ್ಕಳು. ಆ ನಗು ಅವಳ ಮುಖದ ಮೇಲಿರುವಾಗಲೇ ಡಾಕ್ಟರು ತಲೆಯಾಡಿಸಿ, ಮಗುವಿನ ಎದೆಬಡಿತ ನಿಂತಿದೆ ಎಂದು ಹೇಳಬೇಕಾಯಿತು. ಅಕ್ಕ ಆಮೇಲೆ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಪಿಸುವಿಗೆ ಹಗುರಾಗುತ್ತಿತ್ತು.

ಅಪ್ಪ ಅಮ್ಮ ಹೋದ ಮೇಲೆ ಅವರಿಬ್ಬರಿಗೆ ಅವರಿಬ್ಬರೇ. ಹಾಗಾಗಿ ಈ ಸಲ, ಇನ್ನೂ ಎರಡು ವಾರ ಇದೆ ಎಂದುಕೊಂಡಿದ್ದ ಹೆರಿಗೆ ನೋವು ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದಾಗ, ಅಕ್ಕ ತಾನು ಬಟ್ಟೆ ಹೊಲಿಯುವ ಅಂಗಡಿಯಿಂದ ಫೋನ್ ಮಾಡಿದ್ದು ತಮ್ಮನಿಗೇ. ಪಿಸು ತಾಲೀಮಿನ ನಡುವೆ ಪುಸ್ತಕವನ್ನು ನಾಯಕನ ಕೈಗಿಟ್ಟು, “ನೀನೇ ಓದ್ಕೊಂಡು ಮಾತಾಡು” ಎಂದವನೇ ಎದ್ದೆನೋ ಬಿದ್ದೆನೋ ಎಂದು ಓಡಿದ.

ಆಸ್ಪತ್ರೆಯಲ್ಲಿ ಅಕ್ಕ ಗಾಲಿಕುರ್ಚಿಯಲ್ಲಿದ್ದಳು. ಹೊಲಿಗೆಯ ಅಳತೆ ಪಟ್ಟಿ ಇನ್ನೂ ಅವಳ ಕುತ್ತಿಗೆಯಲ್ಲೇ ಜೋತಾಡುತ್ತಿತ್ತು. ಭಾವನ ಫೋನು ಸಿಗುತ್ತಿರಲಿಲ್ಲ. ಹಿಂದಿನ ದಿನ ಗಾಡಿ ಹತ್ತಿದವನು ಅದೆಷ್ಟು ದೂರದಲ್ಲಿದ್ದನೋ.

“ಹೆರಿಗೆ ಕೋಣೆಗೆ ಮನೆಯವರು ಒಬ್ಬರು ಬರ್ಬಹುದು. ಯಾರು ಬರ್ತೀರಾ?” ಎಂದಳು ನರ್ಸು. ದಪ್ಪ ಕನ್ನಡಕದ, ಅವಸರದ ಹೆಂಗಸು.

ಪಿಸು ಅಕ್ಕನ ಮುಖ ನೋಡಿದ. ಅವಳು ಅವನ ಅಂಗಿಯ ತೋಳು ಹಿಡಿದು ಹತ್ತಿರಕ್ಕೆಳೆದಳು.

“ಬಾ. ಒಬ್ಳೇ ಇರಕ್ಕೆ ನನ್ ಕೈಲಾಗಲ್ಲ. ಆದ್ರೆ ಬಾಯಿ ತೆಗೀಬೇಡ. ಎಲ್ಲಾ ಸರಿಯಾಗತ್ತೆ, ಚೆನ್ನಾಗಿದೆ, ಅದೂ ಇದೂ ಏನೂ ಹೇಳ್ಕೂಡ್ದು. ನಿನಗೆ ಗೊತ್ತಿಲ್ದೇ ಇರೋದನ್ನ ನನಗೆ ಹೇಳ್ಬೇಡ ಕಣೋ. ಈ ಸಲ ನಾನು ತಡ್ಕೊಳಲ್ಲ.”

ವರ್ಷವಿಡೀ ಅವಳು ಅನ್ನದೆ ಉಳಿಸಿಕೊಂಡಿದ್ದ ಮಾತು ಇದೇ. ಅವನು ತಲೆಯಾಡಿಸಿದ. ಹೂಂ ಎನ್ನಲೂ ಹೆದರಿಕೆಯಾಯಿತು.

ಹೆರಿಗೆಯ ಕೋಣೆ ಅವನೆಣಿಸಿದ್ದಕ್ಕಿಂತ ಚಿಕ್ಕದು. ಹಸಿರು ಪರದೆ, ಗಡಗಡಿಸುವ ಸ್ಟೀಲ್ ಗಾಡಿ, ಕಿಟಕಿಯ ಸರಳಿಗೆ ಒಣಹಾಕಿದ ಕೈಗವಸು. ಆಚೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಚಾಲೂ ಮಾಡಲು ನೋಡುತ್ತಿದ್ದರು. ಪಿಸು ಅಕ್ಕನ ತಲೆಯ ಹತ್ತಿರ ನಿಂತ. ನೋವು ಬಂದಾಗ ಅವಳು ಅವನ ಕೈಯನ್ನು ಬೆರಳು ಮುರಿಯುವ ಹಾಗೆ ಹಿಂಡುತ್ತಿದ್ದಳು. ನೋವು ಇಳಿದಾಗ ಬಿಡುತ್ತಿದ್ದಳು. ಆ ನಡುವಿನ ಮೌನದಲ್ಲಿ ಅವನ ಗಂಟಲಿಗೆ ಮಾತುಗಳು ಸಾಲುಗಟ್ಟಿ ಬರುತ್ತಿದ್ದವು. ಇನ್ನೇನು ಆಗೋಯ್ತು. ಧೈರ್ಯವಾಗಿರು. ಒಂದೊಂದನ್ನೂ ಅವನು ಔಷಧಿ ನುಂಗುವ ಹಾಗೆ ನುಂಗಿದ. ಡಾಕ್ಟರು ಬಂದರು, ಹೋದರು, ಮತ್ತೆ ಬಂದರು. ಅವನು ತುಟಿಪಿಟಕ್ಕೆನ್ನಲಿಲ್ಲ.

“ನೀವು ಗಂಡನಾ?” ಎಂದಳು ನರ್ಸು. ಅವನು ಅಲ್ಲವೆಂದು ತಲೆಯಾಡಿಸಿದ. “ತಮ್ಮನಾ?” ಹೌದೆಂದು ತಲೆಯಾಡಿಸಿದ. “ಹೆಸರೇನು?” ಎಂದಾಗ ಏನೂ ತೋಚದೆ ಮೇಲೆ ಫ್ಯಾನು ನೋಡಿದ. ನರ್ಸಿನ ಮುಖ ಕರಗಿತು. ಡಾಕ್ಟರ ಕಡೆ ಬಾಗಿ, “ಮಾತು ಬರಲ್ಲ ಪಾಪ” ಎಂದಳು. ಆ ಗಳಿಗೆಯಿಂದ ಅವನಿಗೆ ಹೇಳುವುದನ್ನೆಲ್ಲ ಕೈಸನ್ನೆಯಲ್ಲೇ ಹೇಳತೊಡಗಿದಳು. ಪಕ್ಕಕ್ಕೆ ಸರಿ ಎನ್ನಲು ಎರಡೂ ಕೈಯಲ್ಲಿ ಗಾಳಿ ತಳ್ಳಿದಳು. ನೀರು ಕುಡಿಸು ಎನ್ನಲು ಕತ್ತೆತ್ತಿ ಗಟಗಟ ಕುಡಿಯುವ ಅಭಿನಯ ಮಾಡಿದಳು. ಮಂಡಳಿಯಲ್ಲಿ ಅಷ್ಟು ಚೆನ್ನಾಗಿ ಅಭಿನಯಿಸುವವರು ಒಬ್ಬರೂ ಇರಲಿಲ್ಲ.

ಅಕ್ಕ ಇದನ್ನೆಲ್ಲ ನೋಡುತ್ತಿದ್ದವಳು ನೋವಿನ ನಡುವೆಯೇ ಕಿಸಕ್ಕನೆ ನಕ್ಕುಬಿಟ್ಟಳು. ನಗುತ್ತಿದ್ದಾಗಲೇ ಮುಂದಿನ ನೋವು ಬಂತು. ಅದು ಹಿಂದಿನವುಗಳ ಹಾಗಿರಲಿಲ್ಲ.

ಆಮೇಲೆ ನಗು ಇರಲಿಲ್ಲ. ಡಾಕ್ಟರು ದೀಪ ಎಳೆದುಕೊಂಡು ಕೂತರು. ತಳ್ಳು ಎಂದರು, ನಿಲ್ಲಿಸು ಎಂದರು, ಮತ್ತೆ ತಳ್ಳು ಎಂದರು. ಕಿಟಕಿಯ ಬಿಸಿಲು ಗೋಡೆ ಹತ್ತಿ ಬಣ್ಣ ಬದಲಾಯಿಸಿತು. ಅಕ್ಕನ ಮುಖ ಒದ್ದೆ ಬಟ್ಟೆಯಂತಾಗಿತ್ತು. ಕೊನೆಗೊಮ್ಮೆ ಅವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

“ಆಗಲ್ಲ. ಸಾಕು ನನಗೆ.” ಅವಳ ದನಿ ಕೂಗಿ ಕೂಗಿ ಕಟ್ಟಿಹೋಗಿತ್ತು. “ಪಿಸು, ಏನಾದ್ರೂ ಹೇಳೋ.”

ಅವನು ಬಾಯಿ ತೆರೆದ. ಅವನಿಗೆ ಬಾರದ ಮಾತೇ ಇರಲಿಲ್ಲ. ರಾಜರ ಮಾತು, ಕಳ್ಳರ ಮಾತು, ಮಗನನ್ನು ಯುದ್ಧಕ್ಕೆ ಕಳಿಸುವ ತಾಯಿಯ ಮಾತು, ಎಲ್ಲ ಅವನಿಗೆ ಬಾಯಿಪಾಠ. ಈಗ ಒಂದೂ ಇಲ್ಲ. ತಡಕಿದರೂ ಇಲ್ಲ. ನಟರು ತನ್ನ ಕಡೆ ತಿರುಗಿ ನೋಡುವ ಆ ನೋಟ ಎಂಥದೆಂದು ಅವನಿಗೆ ಮೊದಲ ಬಾರಿಗೆ ಅರ್ಥವಾಯಿತು. ಪಾಪ, ಅವರನ್ನು ಎಷ್ಟು ಆಡಿಕೊಂಡಿದ್ದ.

“ಅಕ್ಕಾ” ಎಂದ. ಅಷ್ಟೇ ಬಂತು. ಕಣ್ಣೀರು ದಳದಳ ಇಳಿಯಿತು.

“ಅಯ್ಯೋ, ಇವರಿಗೆ ಮಾತು ಬರತ್ತೆ!” ಎಂದಳು ನರ್ಸು.

ಅಕ್ಕ ಒಂದು ಕಣ್ಣು ತೆರೆದು ಅವನನ್ನು ನೋಡಿದಳು. “ಅಷ್ಟೇನಾ?” ಎಂದಳು. ಅದು ಬೈಗುಳವೋ ತಮಾಷೆಯೋ ಅವನಿಗೆ ಇಂದಿಗೂ ಗೊತ್ತಿಲ್ಲ. ಅವಳು ಮೊಣಕೈ ಊರಿ ಎದ್ದು, ಅವನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದು, ಹಲ್ಲು ಕಚ್ಚಿ, ಇಡೀ ಕಟ್ಟಡವನ್ನೇ ಸರಿಸುವವಳಂತೆ ತಳ್ಳಿದಳು.

ಮಗು ಬಂತು.

ಬಂತು, ಆದರೆ ಅಳಲಿಲ್ಲ. ಡಾಕ್ಟರ ಕೈಯಲ್ಲಿ ಅದು ನೀಲಿಗಟ್ಟಿದ ಮೈಯಲ್ಲಿ ಸುಮ್ಮನಿತ್ತು. ಅವರು ಅದನ್ನು ಪಕ್ಕದ ಮೇಜಿನ ದೀಪದ ಕೆಳಗಿಟ್ಟರು. ನರ್ಸು ಟವೆಲಿನಿಂದ ಅದರ ಬೆನ್ನು ಉಜ್ಜತೊಡಗಿದಳು. ಡಾಕ್ಟರು ಸಣ್ಣ ಕೊಳವೆಯಿಂದ ಬಾಯಿ ಸ್ವಚ್ಛ ಮಾಡಿದರು. ಇಬ್ಬರ ಕೈಯೂ ಚುರುಕಾಗಿ ಆಡುತ್ತಿತ್ತು, ಇಬ್ಬರೂ ಮಾತಾಡುತ್ತಿರಲಿಲ್ಲ. ಸ್ಕ್ಯಾನಿಂಗ್ ಕೋಣೆಯಲ್ಲಿ ಇದ್ದದ್ದು ಇದೇ ಮೌನ. ಪಿಸು ಅದನ್ನು ಗುರುತು ಹಿಡಿದ.

“ಯಾಕೆ ಅಳ್ತಿಲ್ಲ?” ಅಕ್ಕ ತಲೆಯೆತ್ತಲು ಒದ್ದಾಡುತ್ತಿದ್ದಳು. ಅವಳಿಗೆ ಮೇಜು ಕಾಣುತ್ತಿರಲಿಲ್ಲ, ನರ್ಸಿನ ಬೆನ್ನು ಮಾತ್ರ ಕಾಣುತ್ತಿತ್ತು. “ಪಿಸು, ಯಾಕೆ ಅಳ್ತಿಲ್ಲ?”

ಎಲ್ಲಾ ಚೆನ್ನಾಗಿದೆ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಆ ಮಾತು ಹೇಳಿ ಈ ಒಂದು ಗಳಿಗೆಯನ್ನು ದಾಟಿಸಿಬಿಟ್ಟರೆ ಸಾಕೆಂದು ಅವನ ಜೀವ ಬಡಿದುಕೊಳ್ಳುತ್ತಿತ್ತು. ಅವನು ನಾಲಿಗೆ ಕಚ್ಚಿಕೊಂಡ.

“ಗೊತ್ತಿಲ್ಲ ಅಕ್ಕ” ಎಂದ. “ನೋಡ್ತಾ ಇದೀನಿ.”

ಅಕ್ಕ ಅವನ ಕೈ ಬಿಡಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಅವನು ಮಗುವನ್ನು ನೋಡುತ್ತಿದ್ದ. ಮುಖವನ್ನಲ್ಲ, ಹೊಟ್ಟೆಯನ್ನು. ಅಂಗೈಯಷ್ಟಗಲದ ಆ ಹೊಟ್ಟೆ ಅಲುಗಲಿಲ್ಲ. ನರ್ಸು ಅಂಗಾಲಿಗೆ ತಟ್ಟಿದಳು. ಅಲುಗಲಿಲ್ಲ. ಆಚೆ ಬೀದಿಯಲ್ಲಿ ಸ್ಕೂಟರಿನವನು ಮತ್ತೊಮ್ಮೆ ಒದ್ದ. ಅಷ್ಟರಲ್ಲಿ ಪಕ್ಕೆಲುಬಿನ ಕೆಳಗೆ ಒಂದು ಸಣ್ಣ ಗುಳಿ ಬಿತ್ತು, ಮುಚ್ಚಿತು, ಮತ್ತೆ ಇನ್ನಷ್ಟು ಆಳವಾಗಿ ಬಿತ್ತು. ಹೊಟ್ಟೆ ಮೇಲೆದ್ದಿತು.

“ಉಸಿರು ಎಳ್ಕೊಳ್ತಾ ಇದೆ ಅಕ್ಕ! ಎಳ್ಕೊಂಡ್ತು. ಈಗ…”

ಮುಂದಿನದನ್ನು ಮಗುವೇ ಹೇಳಿತು. ಮೊದಲು ಬೆಕ್ಕಿನ ಮರಿಯಂತೆ ಕುಂಯ್ ಎಂದು, ಆಮೇಲೆ ಯಾರ ಭಯವೂ ಇಲ್ಲದೆ, ಗಂಟಲು ಹರಿಯುವ ಹಾಗೆ.

“ಹೆಣ್ಣು ಮಗು” ಎಂದರು ಡಾಕ್ಟರು, ಆ ಕೋಣೆಯಲ್ಲಿ ಮೊದಲ ಸಲ ನಗುತ್ತ. ಟವೆಲಿನಲ್ಲಿ ಸುತ್ತಿದ್ದನ್ನು ಅಕ್ಕನ ಎದೆಯ ಮೇಲಿಟ್ಟರು. ಅಕ್ಕ ಅಳುತ್ತಿದ್ದಳು, ಮಗು ಅಳುತ್ತಿತ್ತು, ಪಿಸುವಿನ ಗೋಳಂತೂ ಕೇಳುವಂತಿರಲಿಲ್ಲ. “ಮಾತು ಬರದವರು ಇಷ್ಟೊಂದು ಗಲಾಟೆ ಮಾಡ್ತಾರಾ?” ಎಂದು ನರ್ಸು ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. ಅಕ್ಕ ಕುತ್ತಿಗೆಯ ಅಳತೆ ಪಟ್ಟಿಯನ್ನು ತೆಗೆದು ಅವನ ಕಡೆ ಎಸೆದಳು. ಕಣ್ಣೊರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಅದೊಂದೇ.

ಅವರನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ ಭಾವನ ಫೋನು ಬಂತು. ಮುಂದೆ ಹೋಗಲು ಸಿಗ್ನಲ್ ಸಿಗದೆ ಗಾಡಿಯನ್ನು ಒಂದು ಸಣ್ಣ ಸ್ಟೇಷನ್ನಿನ ಪಕ್ಕದ ಹಳಿಗೆ ಹಾಕಿದ್ದರಂತೆ. ಅಲ್ಲಿ ಫೋನಿಗೆ ಜೀವ ಬಂದಿತ್ತು. ಪಿಸು ಸ್ಪೀಕರ್ ಹಾಕಿ ಫೋನನ್ನು ಅಕ್ಕನ ದಿಂಬಿನ ಪಕ್ಕ ಹಿಡಿದ.

“ಮಗಳು” ಎಂದಳು ಅಕ್ಕ. “ಆಗಲೇ ಬಂದ್ಬಿಟ್ಳು. ಇಬ್ರೂ ಚೆನ್ನಾಗಿದೀವಿ.”

ಆ ಕಡೆಯಿಂದ ನಿಂತ ಎಂಜಿನ್ನಿನ ಗುರುಗುಟ್ಟುವಿಕೆ ಮಾತ್ರ ಕೇಳುತ್ತಿತ್ತು.

“ನಾನು…” ಎಂದ ಭಾವ. ನಿಂತ. “ಅದು…” ಮತ್ತೆ ನಿಂತ.

ಪಿಸುವಿಗೆ ಏನೇನು ಹೊಳೆಯಿತೋ. ಬಾಯಲ್ಲಿ ಮಾತು ಕುದಿಯತೊಡಗಿತು. ಅಕ್ಕ ಅವನ ಕಡೆ ಕಣ್ಣು ತಿರುಗಿಸಿದಳು. ಅವನು ಖಾಲಿಯಿದ್ದ ಕೈಯಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ. ಕಾದ. ಭಾವ ಉಸಿರು ಎಳೆದುಕೊಂಡದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಮಾತು ಬರಲಿಲ್ಲ. ಬಂದದ್ದು ರೈಲಿನ ಹಾರ್ನು. ಎಲ್ಲಿಯದೋ ಒಂದು ಸ್ಟೇಷನ್ನಿನಲ್ಲಿ ನಿಂತ ಗೂಡ್ಸ್ ಗಾಡಿಯ ಹಾರ್ನು ಆ ಪುಟ್ಟ ಫೋನಿನೊಳಗಿಂದ ವಾರ್ಡಿನ ತುಂಬ ಮೊಳಗಿತು. ಭಾವ ಅದನ್ನು ಒತ್ತಿ ಹಿಡಿದವನು ಬಿಡಲೇ ಇಲ್ಲ. ಆಚೆ ಯಾರೋ “ಏಯ್, ಏನಾಯ್ತ್ರೀ ನಿಮಗೆ!” ಎಂದು ಕೂಗುತ್ತ ಓಡಿಬರುತ್ತಿದ್ದದ್ದೂ ಕೇಳಿಸಿತು. ಅಕ್ಕಪಕ್ಕದ ಹಾಸಿಗೆಯವರು ತಲೆಯೆತ್ತಿ ನೋಡಿದರು. ಬೆಚ್ಚಿಬಿದ್ದ ಮಗು ಮುಷ್ಟಿಯೆತ್ತಿ ಅಪ್ಪನಿಗೆ ಸರಿಸಾಟಿಯಾಗಿ ಕಿರುಚಿತು.

ಅಕ್ಕ ನಗುತ್ತ ಮಗಳ ಬೆನ್ನು ತಟ್ಟುತ್ತಿದ್ದಳು. ಅವಳಿಗೆ ಮಾತಾಡುವಷ್ಟು ಉಸಿರಿರಲಿಲ್ಲ. “ಹೇಳೋ, ಈಗ ನೀನೇ ಹೇಳು” ಎಂದು ತಮ್ಮನಿಗೆ ಕಣ್ಣಲ್ಲೇ ಅಪ್ಪಣೆ ಕೊಟ್ಟಳು.

ಪಿಸು ಬಾಯಿಯ ಮೇಲಿನ ಕೈ ತೆಗೆದ.

“ಕೇಳಿಸ್ತು ಭಾವ” ಎಂದ. “ಅವಳಿಗೂ ಕೇಳಿಸ್ತು.”