ಏಡಿಯಮ್ಮನ ಆಯ್ಕೆ

ಏಡಿಯಮ್ಮ ಯಾವ ಬಾಗಿಲಲ್ಲೂ ನೇರವಾಗಿ ಒಳಬಂದದ್ದನ್ನು ಕಂಡವರಿಲ್ಲ. ಎರಡು ಕೈಯಲ್ಲೂ ಉಪ್ಪುನೀರಿನ ತಟ್ಟೆ ಹಿಡಿದು, ಬಲಭುಜ ಮುಂದೆ ಮಾಡಿ ಅಡ್ಡಡ್ಡ ಸರಿಯುವ ಆ ನಡಿಗೆಗೇ ಹೆಸರು ಬಿದ್ದದ್ದೋ, ಬರಿದಾಗಿದ್ದ ಕೊಲ್ಲಿಗೆ ವರ್ಷವರ್ಷವೂ ಏಡಿಮರಿಗಳನ್ನು ಸಾಕಿ ಬಿಡುವ ಕಾಯಕಕ್ಕೆ ಬಿದ್ದದ್ದೋ, ಅವರಂತೂ ವಿಚಾರಿಸಲಿಲ್ಲ. ಬಿಳಿ ಕೋಟು ಉಪ್ಪು ಹಿಡಿದು ರಟ್ಟಿನಂತೆ ನಿಲ್ಲುತ್ತಿತ್ತು; ಒಗೆಯಲು ಕೊಡಿ ಎಂದರೆ, "ನಾಳೆ ಮತ್ತೆ ಉಪ್ಪಾಗೋದೇ ತಾನೇ?" ಎನ್ನುತ್ತಿದ್ದರು.

ಒಂದು ಹಟ ಮಾತ್ರ ವಿಪರೀತ: ಮರಿ ಮಾಡಿಸುವ ತಾಯಿಯೇಡಿಯನ್ನು ಅವರೇ ಆರಿಸಬೇಕು. ಬಲೆಗೆ ಬಿದ್ದವುಗಳಲ್ಲಿ ಅತ್ಯಂತ ಪುಷ್ಟವಾದದ್ದನ್ನೇ ತೂಗಿ, ತಿರುಗಿಸಿ, ಮೆಚ್ಚಿ ಎತ್ತಿಟ್ಟುಕೊಂಡು ಉಳಿದವನ್ನು ಮಾರಾಟಕ್ಕೆಂದು ಹೊರಗೆ ಹಾಕುತ್ತಿದ್ದರು. ಮರಿಕೇಂದ್ರದಲ್ಲೇ ಕೆಲಸಕ್ಕಿದ್ದ ನಾದಿನಿ ಕಾಲೆಳೆಯುತ್ತಿದ್ದಳು: "ನಮ್ಮಣ್ಣನ್ನ ಆರಿಸೋವಾಗ್ಲೂ ಇಷ್ಟು ನೋಡಿದ್ರಾ ಅತ್ತಿಗೆ?" "ಆಗ ಇಷ್ಟು ಅನುಭವ ಇರ್ಲಿಲ್ಲ ಕಣೇ."

ಕೊಲ್ಲಿ ತುಂಬಿತು, ಜನ ಕೊಂಡಾಡಿದರು. ಅವರಿಗೆ ಅದು ಸಾಲದು. ಏಡಿಯ ಕಾಲಿನ ಒಂದು ಚೂರಿನಿಂದ ಅದು ಯಾರ ವಂಶದ್ದೆಂದು ಹೇಳಬಲ್ಲ ಜೀನ್ ಗುರುತುಗಳನ್ನು ಹುಡುಕುತ್ತ ವರ್ಷಗಳನ್ನೇ ಸವೆಸಿದರು. ಗುರುತುಗಳು ಸಿದ್ಧವಾಗಿ, ಕೊಲ್ಲಿಯ ಉದ್ದಗಲದಿಂದ ತಂದ ಏಡಿಗಳ ಮೊದಲ ಫಲಿತಾಂಶ ಬಂದಾಗ ಎಲ್ಲವೂ ಒಂದೇ ಅಚ್ಚು. ಯಂತ್ರ ಕೆಟ್ಟಿದೆ ಎಂದು ಬೈದು, ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದರು.

ಎರಡನೆಯ ಫಲಿತಾಂಶ ಪರದೆಯ ಮೇಲೆ ಮೂಡಿದ್ದು ಹೊಸ ಮರಿಗಳನ್ನು ಬಿಡಬೇಕಾದ ಬೆಳಿಗ್ಗೆ. ಅದೇ ಅಚ್ಚು. ಈ ಸಲ ಅವರು ಯಂತ್ರವನ್ನು ಬೈಯಲಿಲ್ಲ. ಪ್ರತಿವರ್ಷ ತಾವು ಮೆಚ್ಚಿ ಎತ್ತಿಕೊಂಡದ್ದು ಹಿಂದಿನ ವರ್ಷ ಮೆಚ್ಚಿದವಳ ಮಗಳನ್ನೇ! ಇಡೀ ಕೊಲ್ಲಿಯಲ್ಲೀಗ ಒಂದೇ ಸಂಸಾರ. ಒಂದು ರೋಗ ಹೊಕ್ಕರೆ ತಡೆದುಕೊಳ್ಳುವ ಬೇರೆ ರಕ್ತವೇ ಇಲ್ಲ.

"ಅತ್ತಿಗೆ, ದೋಣಿ ಕಾಯ್ತಾ ಇದೆ. ಮೀನುಗಾರಿಕೆ ಇಲಾಖೆ ಸಾಹೇಬ್ರೂ ಬಂದಾಯ್ತು."

"ಒಂದನ್ನೂ ಬಿಡಬೇಡ." ಆ ಧ್ವನಿ ನಾದಿನಿ ಎಂದೂ ಕೇಳದ್ದು. "ಕೊಲ್ಲಿ ತುಂಬಿಸ್ತಿದ್ದೀನಿ ಅಂದ್ಕೊಂಡಿದ್ದೆ ಕಣೇ. ಒಂದೇ ಮನೆ ತುಂಬಿಸಿದ್ದೀನಿ. ಮಿಕ್ಕೋರನ್ನೆಲ್ಲ ನಾನೇ ಆಚೆ ಹಾಕಿದ್ದೀನಿ."

ದೋಣಿ ನಿಲ್ಲುವ ದಕ್ಕೆಗೆ ಹೋಗಿ, ತಮಗೆ ಹಾಕಲು ಹಾರ ಹಿಡಿದು ನಿಂತಿದ್ದ ಸಾಹೇಬರ ಎದುರು ಅದನ್ನೇ ಹೇಳಿದರು. ಹಾರ ಸಾಹೇಬರ ಕೈಯಲ್ಲೇ ಉಳಿಯಿತು. ದೋಣಿ ಮರಿಗಳಿಲ್ಲದೆ ಹಿಂದಿರುಗಿತು. ಮರುದಿನ ಕೊಲ್ಲಿಯಾಚೆಯ ದೂರದ ಬಂಡೆಗಳ ಸಂದಿಗಳಿಂದ ಅವರು ಹುಡುಕಿ ತಂದ ತಾಯಂದಿರನ್ನು ನೋಡಿ ನಾದಿನಿ ದಂಗಾದಳು: ಬಡಕಲು, ಕುಳ್ಳಿ, ಇಕ್ಕಳದಂಥ ಮುಂಗಾಲು ಒಂದು ಮುರಿದದ್ದು.

ಪ್ರೀತಿಯಿಂದ ತಪ್ಪು ಮಾಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆ ತಪ್ಪಿಗೆ ಸಾಕ್ಷಿಯನ್ನು ತಮ್ಮ ಕೈಯಾರೆ ಬೆಳೆಸಿ, ಅದು ಬಾಯಿ ಬಿಟ್ಟ ದಿನ ನಡುಗುತ್ತಲೇ ಅದರ ಮಾತು ಕೇಳುವವರು ಬಲು ಅಪರೂಪ. ಅಂಥವರಿಗೆ ಹಾರ ಹಾಕಲು ಯಾರಿಗೂ ತೋಚುವುದಿಲ್ಲ.