ಪರಿಶೀಲಕರು ಬಂದ ದಿನದ ಗೋಡೆಗಳು

ಪರಿಶೀಲಕರು ಬರುತ್ತಾರೆಂದು ಗೊತ್ತಾದ ದಿನವೇ ನಮ್ಮ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ ಗೋಡೆಗಳ ಕೊಳೆ ಕಣ್ಣಿಗೆ ಬಿತ್ತು. ಗುಟ್ಟಾಗಿ ಅಣುಬಾಂಬು ಮಾಡುವುದಿಲ್ಲ, ಬೇಕಾದರೆ ಬಂದು ನೋಡಿಕೊಳ್ಳಿ ಎಂದು ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತ್ತು. ನೋಡಲು ಬರುವವರು ಹೊರದೇಶದವರು. ನೆಂಟರು ಬರುವ ಮನೆ ಹೀಗಿರಬಾರದು ಎಂದರು ನಿರ್ದೇಶಕರು. ನನಗೂ ಅದೇ ಸರಿ ಅನ್ನಿಸಿತು. ಕಟ್ಟಡದ ಉಸ್ತುವಾರಿ ನನ್ನದಲ್ಲವೇ, ನಾನೇ ಮುಂದೆ ನಿಂತು ಪ್ರಯೋಗಾಲಯಕ್ಕೆಲ್ಲ ಬಣ್ಣ ಹೊಡೆಸಿದೆ.

ಬಂದ ಪರಿಶೀಲಕಿ ಬಾಗಿಲಲ್ಲೇ ನಿಂತು ಹೊಸ ಬಣ್ಣದ ವಾಸನೆ ಹಿಡಿದರು. ಅವರ ಕೈಯಲ್ಲಿ ಹತ್ತಿಬಟ್ಟೆಯ ತುಂಡುಗಳಿದ್ದವು. ಗೋಡೆ, ಮೇಜು ಒರೆಸಿ ಒಯ್ದರೆ ಆ ಕೋಣೆಯಲ್ಲಿ ಹಿಂದೆ ಏನೇನು ನಡೆದಿತ್ತೆಂದು ಧೂಳಿನಿಂದಲೇ ಗೊತ್ತಾಗುತ್ತದಂತೆ. ನಾವೋ, ಆ ಧೂಳನ್ನೇ ಬಣ್ಣದಡಿ ಮುಚ್ಚಿ ಹಲ್ಲು ಕಿರಿಯುತ್ತ ನಿಂತಿದ್ದೆವು. ಥೂ, ಕಳ್ಳರಲ್ಲದವರು ಕಳ್ಳರ ಹಾಗೆ ಕಾಣಲು ಇಷ್ಟು ಸಾಕಾಗಿತ್ತು.

ಬಣ್ಣ ಕೆರೆಸಿ ಕೆಳಗಿನ ಪದರ ಕೊಡಿ ಎಂದು ಪರಿಶೀಲಕಿ ಮೆಲ್ಲಗೆ ಕೇಳಿದರು. ನಿರ್ದೇಶಕರ ಮುಖ ಕೆಂಪಗಾಯಿತು. ಇದು ಅವಮಾನ, ಗೋಡೆ ಮುಟ್ಟಲು ಬಿಡುವುದಿಲ್ಲ ಎಂದು ಹಟ ಹಿಡಿದರು. ಬಿಡದಿದ್ದರೆ ಅನುಮಾನವಿದೆ ಎಂದು ವರದಿ ಹೋಗುತ್ತದೆ, ನಮ್ಮ ಕೇಂದ್ರಕ್ಕೆ ಬೀಗ ಬೀಳುತ್ತದೆ. ಇಲ್ಲಿ ತಯಾರಾಗುವುದು ವಿಕಿರಣದಿಂದ ಕ್ಯಾನ್ಸರ್ ಸುಡುವ ಔಷಧಿ. ಅದಕ್ಕಾಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದವರಲ್ಲಿ ನನ್ನ ಅಕ್ಕನೂ ಒಬ್ಬಳು.

ನನ್ನ ನಾಲಿಗೆಗೆ ಮೊದಲೇ ಲಗಾಮಿಲ್ಲ.

"ಬಚ್ಚಿಡೋಕೆ ಏನೂ ಇಲ್ಲ ಅಂದ್ಮೇಲೆ ಕೆರೆಯೋಕೆ ಯಾಕೆ ಸರ್ ಹಿಂಜರೀತೀರಿ? ನಿಮ್ಮ ಮರ್ಯಾದೆ ಏನು ಗೋಡೆ ಮೇಲಿದೆಯಾ?" ಎಂದುಬಿಟ್ಟೆ.

ಕೆಲಸ ಹೋದರೆ ಹೋಗಲಿ ಎಂದು ತಗಡಿನ ಪಟ್ಟಿ ತಂದು, ಪರಿಶೀಲಕಿ ಬೆರಳು ತೋರಿಸಿದ ಕಡೆಯೆಲ್ಲ ಕೆರೆಯತೊಡಗಿದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲೇ ಇನ್ನೊಂದು ಪಟ್ಟಿಯ ಸದ್ದು ಕೇಳಿಸಿತು. ನೋಡಿದರೆ ನಿರ್ದೇಶಕರು, ಅಂಗಿಯ ತೋಳು ಮಡಚಿಕೊಂಡು! ಪಟ್ಟಿ ಹಿಡಿಯಲೂ ಬರುವುದಿಲ್ಲವಲ್ಲ ನಿಮಗೆ ಎಂದು ಬೈದೆ. ಅವರು ಪಟ್ಟಿ ತಿರುಗಿಸಿ ಹಿಡಿದು ಮತ್ತೆ ಕೆರೆದರು. ಪರಿಶೀಲಕಿ ಮುಖ ಆ ಕಡೆ ತಿರುಗಿಸಿ ನಕ್ಕರು.

ಆ ಧೂಳಿನಲ್ಲಿ ಔಷಧಿ ತಯಾರಿಕೆಯ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗೆಂದೇ ವರದಿ ಬಂತು, ಔಷಧಿ ಆಸ್ಪತ್ರೆ ಸೇರಿತು. ಅದನ್ನು ತೆಗೆದುಕೊಂಡವರ ಮೈಯೇ ವಿಕಿರಣ ಸೂಸುವುದರಿಂದ ಕೆಲವು ದಿನ ಹತ್ತಿರ ಯಾರೂ ಸುಳಿಯುವಂತಿಲ್ಲ. ಅಕ್ಕ ಗಾಜಿನ ಆಚೆ ಕೂತು ಫೋನ್ ಮಾಡಿದಳು.

"ನನಗೋಸ್ಕರ ಸಾಹೇಬ್ರ ಮೇಲೇ ರೇಗಿದ್ಯಂತಲ್ಲೇ, ಹುಚ್ಚಿ."

"ರೇಗೋದೇನು ಮಹಾ, ಬೇಕಿದ್ರೆ ಇಡೀ ಕಟ್ಟಡಾನೇ ಕೆರೆದು ಹಾಕ್ತಿದ್ದೆ. ನೀನು ಸುಮ್ನೆ ವಾಸಿಯಾಗಿ ಮನೆಗೆ ಬಾ" ಎಂದೆ.

ಅಕ್ಕ ನಗುತ್ತಿದ್ದಳು. ನನಗೇ ಅಳು ತಡೆಯಲಾಗಲಿಲ್ಲ.